ಮೊದಲ ಮಳೆಯ ಮುಚ್ಚಳ

ಮನೆಯಿಂದ,
ಜೂನ್ ಒಂಬತ್ತು, ಬೆಳಗ್ಗೆ

ಪ್ರೀತಿಯ ಮೇಸ್ತ್ರಿಗಳಿಗೆ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಸಿಮೆಂಟು ಮೆತ್ತಿದ ಕೈಯಲ್ಲೇ ಊಟಕ್ಕೆ ಕೂರುತ್ತಿಲ್ಲ ತಾನೇ? ನಾವು ಚೆನ್ನಾಗಿದ್ದೇವೆ. ನಿಮ್ಮ ಮಗಳಿಗೆ ಹಲ್ಲು ಬರುತ್ತಿದೆ. ಹಲ್ಲು ಅವಳಿಗೆ, ನಿದ್ದೆಗೇಡು ನನಗೆ.

ಕಳೆದ ವಾರ ಮಳೆ ಬಂತು, ನೀವು ಊರಿಗೆಂದು ಕಟ್ಟಿದ ಮಳೆನೀರಿನ ತೊಟ್ಟಿಗೆ ಮೊದಲ ಮಳೆ. ಹೊರಡುವಾಗ ನೀವು ಹೇಳಿದ್ದು ನನಗೆ ಬಾಯಿಪಾಠ: ಮೊದಲ ಮಳೆ ಮನೆಯ ಮಾಡನ್ನು ತೊಳೆಯಲಿ, ಪೈಪಿನ ಕೆಳಗಿನ ಮುಚ್ಚಳ ತೆಗೆದು ಆ ಕೊಳೆನೀರನ್ನು ಹೊರಗೆ ಬಿಡಬೇಕು, ತಿಳಿಯಾದ ಮೇಲೆ ಮುಚ್ಚಿದರೆ ನೀರು ತೊಟ್ಟಿಗೆ. ಮುಚ್ಚಳ ತೆಗೆದಿಟ್ಟೇ ನಾನು ಮಗುವಿಗೆ ಹಾಲೂಡಿಸಲು ಒಳಗೆ ಹೋದೆ. ಬಂದು ನೋಡಿದರೆ ಮುಚ್ಚಳ ಬಿಗಿಯಾಗಿ ಕೂತಿದೆ, ಪಕ್ಕದಲ್ಲಿ ಅತ್ತೆ ತೊಯ್ದು ತೊಪ್ಪೆಯಾಗಿ ನಿಂತಿದ್ದಾರೆ, ಮುಖದ ತುಂಬ ಗೆದ್ದ ನಗು. "ಬಂದ ನೀರನ್ನ ಯಾರಾದ್ರೂ ಬೀದಿಗೆ ಬಿಡ್ತಾರೇನೇ? ಓದಿದವಳಂತೆ, ಓದಿದವಳು!" ಹಕ್ಕಿ ಹಿಕ್ಕೆ, ಬೇಸಿಗೆಯ ಧೂಳು, ಕೊಳೆತ ಎಲೆ, ಎಲ್ಲ ತೊಟ್ಟಿಯೊಳಗೆ! ಬಾವಿಯೇ ಇಲ್ಲದ ಈ ಗುಡ್ಡದ ಊರು ಪೂರ್ತಿ ಕುಡಿಯಬೇಕಾದ ನೀರು. ನಮ್ಮವಳೋ, ಈಗಷ್ಟೇ ಲೋಟ ಕಚ್ಚಿ ನೀರು ಕುಡಿಯಲು ಕಲಿಯುತ್ತಿದ್ದಾಳೆ.

ರೇಗಬೇಕೆಂದೇ ಬಾಯಿ ತೆರೆದೆ. ಅತ್ತೆ ತಲೆ ಒರೆಸಿಕೊಳ್ಳುತ್ತಿದ್ದರು. ನೆತ್ತಿಯಲ್ಲಿ ಕೂದಲು ಸವೆದು ಬೋಳಾದ ಜಾಗ, ಕೊಡ ಕೂರುತ್ತಿದ್ದ ಜಾಗ, ಒದ್ದೆಯಾಗಿ ಹೊಳೆಯುತ್ತಿತ್ತು. ಗುಡ್ಡದಾಚೆಯಿಂದ ನೀರು ಹೊತ್ತ ತಲೆ ಅದು. ನೀರು ಚೆಲ್ಲು ಎಂದರೆ ಹೇಗೆ ಕೇಳೀತು? ಮಾತು ನುಂಗಿ ತೊಟ್ಟಿಯಿಂದ ಒಂದು ಲೋಟ ನೀರು ತಂದೆ. "ಇದನ್ನ ಮಗೂಗೆ ಕುಡಿಸ್ಲಾ ಅತ್ತೆ?" ಎಂದೆ, ಅಷ್ಟೇ. ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. ಮರುದಿನ ಊರಿಗೆಲ್ಲ ಕೇಳುವಂತೆ ಅವರದೇ ಕೂಗು: "ಕಂಬಳಿ, ಹೊದಿಕೆ, ಕೊಳೆಬಟ್ಟೆ ಏನಿದ್ರೂ ತನ್ನಿ! ಕುಡಿಯೋಕೆ ಮಾತ್ರ ಬೇಡ!" ಆ ಒಗೆತ ನೀವು ನೋಡಬೇಕಿತ್ತು. ದರ್ಜಿಯ ಹೆಂಡತಿ ಬಾಗಿಲ ಪರದೆಯನ್ನೂ ಬಿಡಲಿಲ್ಲ. "ಗಂಡನ್ನೂ ನೆನೆಹಾಕೇ, ಕೊಳೆ ಬಿಟ್ಟೀತು" ಎಂದು ಅತ್ತೆ ಎಲ್ಲರನ್ನೂ ನಗಿಸಿದರು. ಸಂಜೆಗೆ ತೊಟ್ಟಿ ಬರಿದಾಯಿತು, ಒಂದು ಹನಿಯೂ ದಂಡವಾಗಲಿಲ್ಲ. ತಾವೇ ಒಳಗಿಳಿದು ತಳ ಉಜ್ಜಿದರು.

ಆಮೇಲೆ ಮಳೆಯ ಸುಳಿವಿಲ್ಲ. ಬರದೇ ಹೋದರೆ? ಇದ್ದದ್ದನ್ನೂ ನಾನೇ ಖಾಲಿ ಮಾಡಿಸಿದಂತಾಗುವುದಿಲ್ಲವೇ? ಅತ್ತೆ ಕೊಡವನ್ನು ಅಟ್ಟದಿಂದ ಮತ್ತೆ ಇಳಿಸಿಟ್ಟಿದ್ದಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮಗಳು ನಿಮ್ಮ ಹಳೆಯ ಅಂಗಿ ಹಿಡಿದೇ ಮಲಗುತ್ತಾಳೆ. ಅತ್ತೆಯ ಆಶೀರ್ವಾದ ಇದರೊಂದಿಗಿದೆ.

ನಿಮ್ಮ
ನಿದ್ದೆಗೆಟ್ಟವಳು

ತಾ.ಕ.: ಅವಸರದಲ್ಲಿದ್ದೇನೆ. ನೀವೀಗ ತೊಟ್ಟಿ ಕಟ್ಟುತ್ತಿರುವ ಊರಿನಲ್ಲಿ ಮುಚ್ಚಳದ ವಿಷಯ ಮೊದಲು ಅಜ್ಜಿಯರಿಗೆ ಹೇಳಿ, ಆಮೇಲೆ ಉಳಿದವರಿಗೆ. ಇಲ್ಲಿ ಮಳೆ ಹಿಡಿಯಿತು! ಅತ್ತೆ ಆಗಲೇ ಓಡಿ, ಬಿಚ್ಚಿದ ಮುಚ್ಚಳವನ್ನು ಎದೆಗೊತ್ತಿಕೊಂಡು ನಿಂತಿದ್ದಾರೆ. ನೀರು ಹರಿದುಹೋಗುವುದನ್ನು ನೋಡಲಾರದೆ ಮುಖ ಗೋಡೆಗೆ ತಿರುಗಿಸಿದ್ದಾರೆ. "ತಿಳಿಯಾಯ್ತೇನೇ? ಇನ್ನೂ ಇಲ್ವೇನೇ?" ಒಂದೇ ಸಮ ಕೂಗು. ನಾನು ಹೋಗಿ ನೋಡಿ ಹೇಳಬೇಕು.