ಪೂಜೆ ಮಾಡಿ ಮಲಗಿಸಿದ ಕಂಪ್ಯೂಟರ್

ಕೊಳ್ಳೇಗಾಲ
30-10-1999, ಶನಿವಾರ

ಯಜಮಾನರಿಗೆ,

ನಿಮ್ಮ ಪದ್ಮಿನಿಯ ನಮಸ್ಕಾರಗಳು. ನಾನು ಕ್ಷೇಮ. ಅಂಗಡಿ ಕ್ಷೇಮವೋ ಅಲ್ಲವೋ ನನಗೇ ತಿಳಿಯುತ್ತಿಲ್ಲ, ಪೂರ್ತಿ ಓದಿ ನೀವೇ ಹೇಳಿ.

ಟೈಪಿಂಗ್ ಅಂಗಡಿ ಇಟ್ಟುಕೊಂಡವಳು ಕೈಬರಹದಲ್ಲಿ ಕಾಗದ ಬರೆದಿದ್ದಾಳಲ್ಲ ಎಂದು ನಿಮ್ಮ ಅಕ್ಕ ಚನ್ನಾಜಮ್ಮನವರು ನಗಬಹುದು. ನಗಲಿ ಬಿಡಿ. ಮೊದಲು ನಮ್ಮ ಕಂಪ್ಯೂಟರಿನ ಹಳೆಯ ಡಾಸಿನಲ್ಲೇ ಹೊಡೆಯೋಣವೆಂದು ಕೂತೆ. ಕಪ್ಪು ಪರದೆ ಬಂತು, ಬಿಳಿ ಗೀಟು ಮಿನುಗಿತು, ಅಲ್ಲಿಂದ ಮುಂದೆ ನಮ್ಮ ಕನ್ನಡ ಟೈಪಿಂಗಿಗೆ ಹೋಗುವುದು ಹೇಗೆಂದು ನನಗೆ ಗೊತ್ತಾಗಲಿಲ್ಲ. ದಿನಾ ಬೆಳಿಗ್ಗೆ ಅಂಗಡಿ ಕಸ ಗುಡಿಸುವಷ್ಟರಲ್ಲಿ ನೀವು ಅದೇನೇನೋ ಒತ್ತಿ ಎಲ್ಲ ತೆರೆದಿಟ್ಟಿರುತ್ತಿದ್ದಿರಿ, ನಾನು ಬಂದು ಬೆರಳಾಡಿಸುತ್ತಿದ್ದೆ. ಆಮೇಲೆ ಹೊಸ ವಿಂಡೋಸಿನಲ್ಲಿ ಶುರು ಮಾಡಿದೆ. ಅದರಲ್ಲಿ ಕನ್ನಡ ಹೊಡೆದರೆ ಒತ್ತಕ್ಷರಗಳೆಲ್ಲ ಕಿತ್ತು ಹೋಗಿ ಅತ್ತ ಒಂದು ಇತ್ತ ಒಂದು ಕೂರುತ್ತವೆ. 'ನಮಸ್ಕಾರ' ಎಂಬುದೇ ನೆಟ್ಟಗೆ ಬರಲಿಲ್ಲ. ನಮಸ್ಕಾರವೇ ಬಾರದ ಮೇಲೆ ಗಂಡನಿಗೆ ಕಾಗದ ಬರೆಯುವುದು ಹೇಗೆ? ಅದಕ್ಕೇ ಪೆನ್ನು ಹಿಡಿದೆ.

ಫೋನಿನಲ್ಲಿ ಹೇಳಬಹುದಿತ್ತು ಅನ್ನುತ್ತೀರಿ. ಮಾಡಿದೆನಲ್ಲ. ನಿಮ್ಮಕ್ಕ ಎತ್ತಿದರು. "ಅವ್ನು ಒಲ್ದ್ ತಾವ್ಕೆ ಓಗವ್ನೆ ಕಣವ್ವ, ಜ್ವಾಳ ಕಾಯಾಕೆ" ಅಂದರು. ಅಷ್ಟರಲ್ಲೇ ಪಕ್ಕದಲ್ಲಿ ಯಾರೋ ಕೆಮ್ಮಿದರು. ಆ ಕೆಮ್ಮಿನ ಜೊತೆ ನಾನು ಸಂಸಾರ ಮಾಡಿದ್ದೇನೆ ರೀ, ಅದನ್ನು ಗುರುತಿಸಲಾರೆನೇ? ಇನ್ನು ನಿಜವಾಗಿ ಹೊಲಕ್ಕೆ ಹೋಗುತ್ತಿದ್ದರೆ ಹುಷಾರು. ಹನೂರಿನ ಆ ಕಡೆ ಹೊಲಗಳಿಗೆ ಆನೆ ಇಳಿಯುತ್ತವೆ. ನಿಮಗೆ ಕೀಲಿಮಣೆ ಬಡಿಯುವುದು ಗೊತ್ತೇ ಹೊರತು ತಮಟೆ ಬಡಿಯುವುದು ಗೊತ್ತಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕಂಪ್ಯೂಟರ್ ರಿಪೇರಿಯ ರಂಗನಾಥ ಬರುವ ಬುಧವಾರ ಮೈಸೂರಿನಿಂದ ಬರುತ್ತಾನಂತೆ. ನಮ್ಮ ಡಬ್ಬದಲ್ಲಿ ಜಾಗ ಕಡಿಮೆಯಂತೆ. ಹಳೆಯದು ಹೊಸದು ಎರಡೂ ಒಂದೇ ಮನೆಯಲ್ಲಿ ಇರಲಾರವಂತೆ, ಉಸಿರು ಕಟ್ಟಿ ನಿಂತುಹೋಗುತ್ತಂತೆ. ಒಂದನ್ನು ತೆಗೆಯಬೇಕು, ಯಾವುದನ್ನು ಎಂದು ನೀವಿಬ್ಬರೂ ಕೂತು ತೀರ್ಮಾನ ಮಾಡಿ ಹೇಳಿ ಅಂದ. ಇಬ್ಬರೂ ಕೂರುವುದಕ್ಕೆ ಇಲ್ಲಿ ಇರುವುದು ಒಬ್ಬಳು. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಹಾಗಾಗಿದೆ ನನ್ನ ಪಾಡು.

ಹಳೆಯದನ್ನು ತೆಗೆಸಿದರೆ ನಿಮ್ಮ ಕೈ ತೆಗೆಸಿದ ಹಾಗೆ. ನೀವು ಆಮೇಲೆ ಈ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ, ಅದು ನನಗೆ ಗೊತ್ತು. ಹೊಸದನ್ನು ತೆಗೆಸಿದರೆ ಕಾಲೇಜಿನ ಹುಡುಗಿಯರು ಬಸ್ ಸ್ಟ್ಯಾಂಡಿನ ಎದುರಿನ ಹೊಸ ಸೆಂಟರಿಗೆ ಹೋಗುತ್ತಾರೆ. ಈಗಾಗಲೇ ಅರ್ಧ ಜನ ಅಲ್ಲಿಗೇ ಹೋದರು. ಅವರಿಗೆ ಕಪ್ಪು ಪರದೆ ಕಂಡರೆ ಆಗುವುದಿಲ್ಲ, "ಮೇಡಂ, ಬಣ್ಣದ್ದು ಇಲ್ವಾ?" ಅನ್ನುತ್ತಾರೆ. ಅವರಿಗೋಸ್ಕರ ತಾನೇ ನಾನು ವಿಂಡೋಸ್ ಹಾಕಿಸೋಣ ಎಂದು ನಿಮ್ಮ ಬೆನ್ನು ಹತ್ತಿದ್ದು? ಇರುವುದನ್ನು ಬಿಟ್ಟು ಇಲ್ಲದ್ದಕ್ಕೆ ಆಸೆಪಟ್ಟು ಅಲ್ಲವಲ್ಲ. ಆಯಿತು, ಸ್ವಲ್ಪ ಆಸೆಯೂ ಇತ್ತು. ಬಾಣ ತೋರಿಸಿ ಒತ್ತಿದರೆ ತೆರೆದುಕೊಳ್ಳುವುದನ್ನು ನೋಡಿದಾಗ ನನಗೂ ಖುಷಿಯಾಗಿತ್ತು.

ಆದರೆ ಎಲ್ಲರಿಗೂ ಖುಷಿಯಾಗುತ್ತದೆ ಅಂದುಕೊಂಡದ್ದೂ ತಪ್ಪು. ಮೊನ್ನೆ ನಮ್ಮ ಪುಟ್ಟಬಸಮ್ಮ ಬಂದಿದ್ದಳು, ಧನಗೆರೆಯವಳು, ವಿಧವಾ ಪಿಂಚಣಿಗೆ ಅರ್ಜಿ ಹೊಡೆಸುತ್ತಾಳಲ್ಲ. ಅವಳ ಹಿಂದಿನ ಅರ್ಜಿ ಡಾಸಿನೊಳಗೆ ಕೂತಿದೆ, ಬೀಗ ಹಾಕಿದ ಪೆಟ್ಟಿಗೆಯ ಹಾಗೆ. ಹೊಸದರಲ್ಲೇ ಕಷ್ಟಪಟ್ಟು ಹೊಡೆದು, ಒತ್ತಕ್ಷರಗಳನ್ನು ಒಂದೊಂದಾಗಿ ಸರಿಮಾಡಿ, ಹೊಸ ಪ್ರಿಂಟರಿನಲ್ಲಿ ತೆಗೆದು ಕೊಟ್ಟೆ. ಅಕ್ಷರ ಎಷ್ಟು ಚೆಂದ ಬಂದಿತ್ತು ಗೊತ್ತೇ? ಅವಳು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಸದ್ದೇ ಮಾಡ್ನಿಲ್ವಲ್ಲವ್ವ, ಇದ್ಯಾತರ ಅಚ್ಚು? ಆ ಕರ್ರ್ ಅಂತ ಕೂಗ್ತದಲ್ಲ, ಅದ್ರಲ್ಲಿ ಒಡ್ಕೊಡು. ಇದ್ನ ಆಪೀಸ್ನೋರು ತಕಂಡಾರಾ?" ಅಂದಳು. ತಗೊಳ್ಳುತ್ತಾರೆ ಎಂದರೆ ನಂಬಲಿಲ್ಲ. ನಿಮ್ಮ ಹಳೆಯ ಪ್ರಿಂಟರು ಒಂದೊಂದು ಸಾಲಿಗೂ ಕೂಗಿ ಕೂಗಿ ಹೊಡೆಯುತ್ತಿದ್ದರೆ ಜನರಿಗೆ ತಮ್ಮ ಕಷ್ಟ ಸರ್ಕಾರಕ್ಕೆ ಕೇಳಿಸಿತು ಅನ್ನಿಸುತ್ತಿತ್ತೋ ಏನೋ. "ಸಾ ಇಲ್ವಾ? ಸಾ ಬಂದ್ಮೇಲೆ ಬತ್ತೀನಿ ಬುಡು" ಎಂದು ಹೊರಟೇ ಹೋದಳು. ಬಾಗಿಲ ಹತ್ತಿರ ನಿಂತು, ಎರಡು ಇಟ್ಟುಕೊಂಡು ಒದ್ದಾಡ್ತಿದ್ದೀಯಂತಲ್ಲ, "ಕೊನ್ಗೂ ಅಳೇ ಗಂಡನ ಪಾದ್ವೇ ಗತಿ ಕಣವ್ವ" ಅಂದಳು. ಕಂಪ್ಯೂಟರಿಗೇ ಹೇಳಿದ್ದು ಎಂದು ನಾನು ನಕ್ಕೆ. ಅವಳು ಹೋದ ಮೇಲೆ ನಗು ಬರಲಿಲ್ಲ.

ನೀವು ಯಾಕೆ ಹೀಗೆ ಹೊರಟು ಹೋದಿರಿ ಎಂದು ಅಕ್ಕಪಕ್ಕದವರು ಕೇಳುತ್ತಾರೆ. ಅಕ್ಕನಿಗೆ ಹುಷಾರಿಲ್ಲ ಎಂದು ಹೇಳಿದ್ದೇನೆ. ಪಾಪ, ಕಲ್ಲುಗುಂಡಿನ ಹಾಗಿರುವ ಚನ್ನಾಜಮ್ಮನವರಿಗೆ ನಾನು ಸಕ್ಕರೆ ಕಾಯಿಲೆಯನ್ನೂ ಮಂಡಿ ನೋವನ್ನೂ ತಂದಿಟ್ಟಿದ್ದೇನೆ. ದಯವಿಟ್ಟು ಅವರಿಗೆ ಇದನ್ನು ಓದಿ ಹೇಳಬೇಡಿ.

ಆದರೆ ನೀವೇ ಯೋಚನೆ ಮಾಡಿ. ಆಯುಧ ಪೂಜೆಯ ದಿನವೇ ಹೊಸದು ಹಾಕಿಸೋಣ, ಒಳ್ಳೆ ದಿನ ಎಂದವರು ಯಾರು? ನೀವೇ. ರಂಗನಾಥ ಸಿ.ಡಿ. ಹಾಕಿ, ಇದು ತುಂಬ ಹೊತ್ತು ತಗೊಳ್ಳುತ್ತೆ ಸಾರ್, ತಾನೇ ನಿಂತು ತಾನೇ ಏಳುತ್ತೆ, ಯಾರೂ ಮುಟ್ಟಬೇಡಿ, ನಾಳೆ ಬಂದು ನೋಡುತ್ತೇನೆ ಎಂದು ಹೇಳಿ ಹಬ್ಬದೂಟಕ್ಕೆ ಮನೆಗೆ ಹೋದ. ನಾನು ಕಡಲೆಪುರಿ ಹಂಚಲು ಪಕ್ಕದ ಅಂಗಡಿಗಳಿಗೆ ಹೋದೆ. ನೀವು ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಸೇವಂತಿಗೆ ಏರಿಸಿ, ಮಂಗಳಾರತಿ ಎತ್ತಿದಿರಿ. ನಾನು ಬರುವಷ್ಟರಲ್ಲಿ ಸ್ವಿಚ್ಚು ಆರಿಸಿ ಮೇಲೊಂದು ಬಿಳಿ ಪಂಚೆ ಹೊದಿಸಿದ್ದಿರಿ. ಯಾಕ್ರೀ ಎಂದರೆ, "ಪೂಜೆ ಆದ್ಮೇಲೆ ಆಯುಧ ಮಲಗಬೇಕು. ನಮ್ಮಪ್ಪ ನೇಗಿಲು ಪೂಜೆ ಮಾಡಿದ್ರೆ ಮಾರ್ನೆ ದಿನದವರ್ಗೂ ಕೈ ಇಡ್ತಿರ್ನಿಲ್ಲ. ಅದು ಕೆಲ್ಸ ಮಾಡ್ತಾನೇ ಇತ್ತು, ಮಲಗಿಸ್ದೆ" ಅಂದಿರಿ, ಮಗು ಮಲಗಿಸಿದವರ ಹಾಗೆ.

ವಿಜಯದಶಮಿ ಬೆಳಿಗ್ಗೆ ಪಂಚೆ ತೆಗೆದು ಎಬ್ಬಿಸಿದರೆ ಅದು ಏಳಲಿಲ್ಲ. ಹಳೆಯದೂ ಇಲ್ಲ, ಹೊಸದೂ ಇಲ್ಲ, ಏನೋ ಎರಡು ಸಾಲು ಇಂಗ್ಲಿಷು ಬಂದು ನಿಂತುಬಿಟ್ಟಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ನಮಗೆ ಕೂಸಿಲ್ಲ, ಇರುವುದು ಅದೊಂದೇ.

ನನಗೆ ಇವತ್ತಿಗೂ ಒಂದು ಅರ್ಥವಾಗಿಲ್ಲ. ನೀವು ಆರಿಸಿದ್ದು ಭಕ್ತಿಯಿಂದಲೋ, ಹೊಸದು ಬರಬಾರದೆಂಬ ಸಿಟ್ಟಿನಿಂದಲೋ? ರಾತ್ರಿ ಭಕ್ತಿಯಿಂದ ಅನ್ನಿಸುತ್ತದೆ, ಬೆಳಿಗ್ಗೆ ಸಿಟ್ಟಿನಿಂದ ಅನ್ನಿಸುತ್ತದೆ. ಬಹುಶಃ ನಿಮಗೂ ಗೊತ್ತಿಲ್ಲ. ಗೊತ್ತಿದ್ದರೂ ಹೇಳಬೇಡಿ, ಈಗಿರುವ ಗೊಂದಲವೇ ಸಾಕು.

ಇಲ್ಲಿಯವರೆಗೆ ಬರೆದು ನಿಲ್ಲಿಸಿ ಕಾಫಿ ಕುಡಿದು ಬಂದೆ. ಮೇಲಿನದನ್ನು ಓದಿದರೆ ನಾನು ಬಹಳ ಒಳ್ಳೆಯವಳ ಹಾಗೆ ಕಾಣುತ್ತೇನೆ. ಅದಕ್ಕೇ ಉಳಿದದ್ದನ್ನೂ ಬರೆಯುತ್ತೇನೆ. ವಿಜಯದಶಮಿಯಂದು ರಂಗನಾಥ ಬಂದು ಯಾರು ಆರಿಸಿದ್ದು ಎಂದು ಕೇಳಿದ. ನಾನು ಪೂಜೆಯ ಕಥೆ ಹೇಳಿದೆ. ಅವನು ನಕ್ಕು, "ಸಾರ್, ಕಂಪ್ಯೂಟರ್ ಅಂದ್ರೆ ನೇಗಿಲಲ್ಲ" ಅಂದ. ಅವನು ನಕ್ಕದ್ದಕ್ಕೆ ನೀವು ಹೊರಟು ಹೋಗುತ್ತಿರಲಿಲ್ಲ. ನಾನು "ಹೆಂಗೂ ಸಿ.ಡಿ. ತಂದಿದ್ದೀಯಲ್ಲ, ಇವರನ್ನೂ ಒಂದ್ಸಲ ಹೊಸ್ದಾಗಿ ಹಾಕ್ಬುಡಪ್ಪ" ಅಂದೆ. ಇಬ್ಬರು ಹುಡುಗಿಯರು ಅಲ್ಲೇ ಕೂತಿದ್ದರು, ಕಿಸಕ್ಕೆಂದರು. ಮೌಸಿನ ಮೇಲೆ ಬಿದ್ದಿದ್ದ ಕುಂಕುಮವನ್ನು ಪಂಚೆಯ ತುದಿಯಲ್ಲಿ ಒರೆಸಿದಿರಿ, ಚಪ್ಪಲಿ ಮೆಟ್ಟಿಕೊಂಡು ಹೋದಿರಿ. ಹನೂರು ಬಸ್ಸು ಹತ್ತಿದ್ದೀರೆಂದು ನನಗೆ ಗೊತ್ತಾದದ್ದು ಸಂಜೆ.

ಮಾತು ಬಾಯಿಂದ ಜಾರಿಬಿಟ್ಟಿತು ಎಂದು ಬರೆಯಬಹುದು. ಸುಳ್ಳಾಗುತ್ತದೆ. ಹಬ್ಬಕ್ಕೆ ಮುಂಚೆ ಕಲಿಯಲೆಂದು ರಂಗನಾಥ ಕೆಲವು ದಿನ ತಂದಿಟ್ಟಿದ್ದ ಅವನ ವಿಂಡೋಸ್ ಕಂಪ್ಯೂಟರಿನಲ್ಲಿ ಮೌಸ್ ಹಿಡಿದು ನೀವು ತಡಕಾಡುವುದನ್ನು ನೋಡಿ ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯಾಗಿತ್ತು. ಯಳಂದೂರಿನಿಂದ ದಿನಾ ಬಸ್ಸಿನಲ್ಲಿ ಬಂದು ನಿಮ್ಮ ಹತ್ತಿರ ಟೈಪಿಂಗ್ ಕಲಿತವಳು ನಾನು. ಕೀಲಿಗಳ ಮೇಲೆ ಕರವಸ್ತ್ರ ಹಾಸಿ, ನೋಡದೇ ಹೊಡಿ ಅನ್ನುತ್ತಿದ್ದಿರಿ. ನಾನು ತಪ್ಪಿ ತಪ್ಪಿ ಅಳುವಂತಾದಾಗ ಒಂದು ದಿನವೂ ನಗಲಿಲ್ಲ. ಟೈಪ್‌ರೈಟರುಗಳನ್ನೆಲ್ಲ ಮಾರಿ ಕಂಪ್ಯೂಟರ್ ತಂದ ದಿನ ನಾನು ಮುಖ ಊದಿಸಿಕೊಂಡಿದ್ದೆ. "ಬೆರಳು ಅದೇ, ಕೀಲಿನೂ ಅದೇ, ಎದುರ್ಗಿರೋ ಗಾಜೊಂದು ಹೊಸದು ಅಷ್ಟೇ" ಎಂದು ಸಮಾಧಾನ ಮಾಡಿದವರು ನೀವು. ಈಗ ಆ ಮಾತನ್ನು ನಿಮಗೆ ತಿರುಗಿಸಿ ಹೇಳೋಣವೆಂದರೆ ಅದೂ ಆಗುವುದಿಲ್ಲ, ಯಾಕೆಂದರೆ ಈ ಸಲ ಬೆರಳಿನ ಕೆಲಸವೇ ಬೇರೆಯಾಗಿದೆ. ನೀವು ಬಾಣವನ್ನು ಹಿಡಿಯಲು ಹೋದಾಗ ಅದು ಪರದೆಯ ಮೂಲೆಗೆ ಓಡಿ ಅಡಗುತ್ತಿತ್ತು, ನೀವು ಮೇಜಿನ ಕೊನೆಯವರೆಗೂ ಕೈ ನೂಕಿಕೊಂಡು ಹೋಗುತ್ತಿದ್ದಿರಿ. ಆಗ ನಾನು ಪಕ್ಕದಲ್ಲಿ ಕೂತು ಹೇಳಿಕೊಡಬೇಕಾಗಿತ್ತು. ನಿಂತು ನೋಡುತ್ತಿದ್ದೆ. ನನಗೆ ನಾಚಿಕೆಯಾಗುತ್ತದೆ.

ರಂಗನಾಥ ಅವತ್ತು ಸಂಜೆಯವರೆಗೂ ಕೂತು ಹಳೆಯದನ್ನು ಹೇಗೋ ಬದುಕಿಸಿದ, ನಿಮ್ಮ ಕೆಲಸಗಳೆಲ್ಲ ಹಾಗೇ ಇವೆ. ಹೊಸದನ್ನೂ ಹಾಕಿ ಮುಗಿಸಿದ. ಈಗ ಬೆಳಿಗ್ಗೆ ಸ್ವಿಚ್ಚು ಹಾಕಿದರೆ ಅದು ಮೊದಲು ಕೇಳುತ್ತದೆ: ಹೊಸದೋ ಹಳೆಯದೋ? ನಾನು ಉತ್ತರ ಕೊಡದೆ ಕೂತರೆ ಅರ್ಧ ನಿಮಿಷ ಕಾಯುತ್ತದೆ, ಆಮೇಲೆ ತಾನೇ ಹೊಸದಕ್ಕೆ ಹೋಗುತ್ತದೆ. ರಂಗನಾಥ ಹಾಗೆ ಇಟ್ಟಿದ್ದಾನೆ. ಆ ಅರ್ಧ ನಿಮಿಷ ದಿನಾ ನನಗೆ ಹಿಂಸೆ. ನೀವು ಹೋದಾಗಿನಿಂದ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಅದೊಂದು ಕೇಳುತ್ತದೆ, ಅದಕ್ಕೂ ಉತ್ತರ ಗೊತ್ತಿಲ್ಲ.

ಮಂಗಳವಾರ ಯಾರೋ ಅಂಗಡಿಗೆ ಫೋನ್ ಮಾಡಿ, ನಾನು ಹಲೋ ಎಂದ ಕೂಡಲೇ ಮಾತಾಡದೆ ಇಟ್ಟರು. ಹಿಂದೆ ಮೇಕೆ ಕೂಗುತ್ತಿತ್ತು. ಕೊಳ್ಳೇಗಾಲದಲ್ಲಿ ಮೇಕೆ ಪಕ್ಕದಲ್ಲಿಟ್ಟುಕೊಂಡು ಫೋನ್ ಮಾಡುವವರು ಯಾರೂ ನನಗೆ ಗೊತ್ತಿಲ್ಲ. ಚನ್ನಾಜಮ್ಮನವರ ಮೇಕೆ ಕ್ಷೇಮವೇ?

ಬುಧವಾರದೊಳಗೆ ಒಂದು ಮಾತು ಹೇಳಿ. ಯಾವುದನ್ನು ತೆಗೆಸಲಿ? ಬರೆಯಲು ಬೇಸರವಾದರೆ ಹನೂರು ಬಸ್ಸಿನ ಕಂಡಕ್ಟರ್ ಕೈಲಿ ಹೇಳಿ ಕಳಿಸಿ, ಅವನಿಗೆ ನಮ್ಮ ಅಂಗಡಿ ಗೊತ್ತು. ಅದೂ ಬೇಡವಾದರೆ ನೀವೇ ಬಸ್ಸು ಹತ್ತಿ. ದೀಪಾವಳಿ ಹತ್ತಿರ ಬಂತು, ಎಣ್ಣೆಸ್ನಾನಕ್ಕೆ ಹಂಡೆ ತೊಳೆದಿಟ್ಟಿದ್ದೇನೆ. ನೀರು ಒಬ್ಬಳಿಗೆ ಕಾಯಿಸಲೋ ಇಬ್ಬರಿಗೋ ಎಂಬುದೂ ಗೊತ್ತಾಗಬೇಕಲ್ಲ.

ದೊಡ್ಡವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ತಪ್ಪಿದ್ದರೆ ಸಿಟ್ಟು ಮಾಡಿಕೊಳ್ಳಿ, ಆದರೆ ಇಲ್ಲಿಗೆ ಬಂದು ಮಾಡಿಕೊಳ್ಳಿ.

ಇಂತಿ ನಿಮ್ಮ
ಪದ್ಮಿನಿ

ಮರೆತ ಮಾತು: ಇದನ್ನು ಬರೆಯಬಾರದು, ನೀವು ನನ್ನ ಮಾತಿಗೇ ಬರಲಿ ಅಂದುಕೊಂಡಿದ್ದೆ. ಅಂಟು ಹಚ್ಚುವ ಮುಂಚೆ ಮನಸ್ಸು ತಡೆಯಲಿಲ್ಲ. ರಂಗನಾಥ ಬುಧವಾರ ಬರುವುದಿಲ್ಲ. ನಿನ್ನೆಯೇ ಬಂದು ಹೋದ. ಯಾವುದನ್ನೂ ತೆಗೆಸಲಿಲ್ಲ. ಹುಡುಗಿಯರಿಗೆಂದು ನಾನು ಆಸೆಪಟ್ಟು ಹಾಕಿಸಿದ್ದ ಆಟಗಳನ್ನೂ ಹಾಡುಗಳನ್ನೂ ಅಳಿಸಿದೆವು, ಎರಡಕ್ಕೂ ಜಾಗವಾಯಿತು. ಇನ್ನೊಂದು ಕೆಲಸವನ್ನು ಅವನಿಂದ ಹೇಳಿಸಿಕೊಂಡು ನಾನೇ ನನ್ನ ಕೈಯಾರೆ ಮಾಡಿದೆ. ಈಗ ಯಾರೂ ಏನೂ ಒತ್ತದೆ ಸುಮ್ಮನೆ ಕೂತರೆ ಅದು ಹಳೆಯದಕ್ಕೇ ಹೋಗುತ್ತದೆ. ಇವತ್ತು ಬೆಳಿಗ್ಗೆ ಸ್ವಿಚ್ಚು ಹಾಕಿ, ಕೈ ಮಡಿಲಲ್ಲಿ ಇಟ್ಟುಕೊಂಡು ಕೂತೆ. ಕಪ್ಪು ಪರದೆ ಬಂತು. ಅಲ್ಲಿಂದ ಮುಂದೆ ನೀವು ಏನು ಒತ್ತುತ್ತಿದ್ದಿರಿ ಎಂದು ರಂಗನಾಥ ನಿನ್ನೆಯೇ ಹೇಳಿಕೊಡಲು ಬಂದಿದ್ದ. ಬೇಡ, ನಮ್ಮನೆಯವರು ಬಂದು ತೆರೆಯುತ್ತಾರೆ ಎಂದಿದ್ದೆ.