ಪೂಜೆಗೆ ಇಟ್ಟ ಬೆಲ್ಟು

ಅಪ್ಪ,

'ಎತ್ತರ ಏರಿದವನಿಗೆ ಆಕಾಶವೇ ಆಸರೆ' ಎಂದೋ ಏನೋ, ಒಂದು ಸಾಲು ಓದಿದ್ದೆ. ಅದನ್ನು ಬರೆದವರು ಕರೆಂಟ್ ಕಂಬ ಹತ್ತಿದವರನ್ನು ಒಮ್ಮೆಯಾದರೂ ನೋಡಿದ್ದರೇ?

ಇವತ್ತು ಆಯುಧಪೂಜೆ. ಮಧ್ಯಾಹ್ನ ಕರೆಂಟ್ ಹೋಯಿತು, ಮಾದಸ್ವಾಮಿಗೆ ಫೋನ್ ಮಾಡಿದೆ. ನಿನ್ನ ಕೈಕೆಳಗೆ ಕೆಲಸ ಕಲಿತು, ನೀನು ತೀರಿಕೊಂಡ ಮೇಲೆ ನಮ್ಮ ಮಾಂಬಳ್ಳಿಯ ಲೈನ್‌ಮನ್ ಆದವನು. ಬಂದಾಗ ಸೊಂಟದಲ್ಲಿ, ಕಂಬಕ್ಕೆ ಬಿಗಿದುಕೊಳ್ಳುವ ಸೇಫ್ಟಿ ಬೆಲ್ಟ್ ಇರಲಿಲ್ಲ. ಎಲ್ಲಿ ಎಂದು ಕೇಳಿದೆ.

"ಆಫೀಸಲ್ಲಿ ಪೂಜೆಗೆ ಮಡಗಿವ್ನಿ ಕಣಕ್ಕ, ನಾಳೆಗಂಟ ಎತ್ತಂಗಿಲ್ಲ. ನೀವು ಪಾಯಸ ಬಡ್ಸಿ, ಅಷ್ಟರಲ್ಲಿ ಇಳ್ದುಬತ್ತೀನಿ" ಎಂದು ನಕ್ಕ.

ನೀನು ಪ್ರತಿ ವರ್ಷ ಮಂಗಳಾರತಿಯಾದ ಕೂಡಲೇ ಕುಂಕುಮ ಒರೆಸಿ ಬೆಲ್ಟ್ ಕಟ್ಟಿಕೊಂಡುಬಿಡುತ್ತಿದ್ದೆ. ಅಜ್ಜಿ ಬೈದರೆ, "ದೇವ್ರು ಮುನಿಸ್ಕಳಲ್ಲ ಕಣವ್ವ, ಕಂಬ ಮುನಿಸ್ಕತದೆ" ಅನ್ನುತ್ತಿದ್ದೆ. ಆ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತಪ್ಪ. ಹಬ್ಬದ ದಿನ ಯಾಕೆಂದು, "ಹುಷಾರು ಕಣೋ" ಅಂದೆ ಅಷ್ಟೆ.

ಮನೆ ಮುಂದಿನ ಕಂಬ ಹತ್ತಿ, ತಂತಿ ಬಿಗಿಯಲು ಅವನು ಎರಡೂ ಕೈ ಎತ್ತಿದ. ಕಾಲು ಜಾರಿತು. ಕೂಗಿಕೊಳ್ಳಲೂ ಇಲ್ಲ. ಚರಂಡಿಯ ಚಪ್ಪಡಿಯ ಮೇಲೆ ಬಿದ್ದವನು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ. ನಾನು ಕೈಯಲ್ಲಿ ಪಾಯಸದ ಲೋಟ ಹಿಡಿದು ನಿಂತೇ ಇದ್ದೆ. ಬೇರೆಯವರು ಓಡಿಬಂದು ಮೈಸೂರಿಗೆ ಸಾಗಿಸಿದರು. ಬದುಕುತ್ತಾನಂತೆ. ನನಗೆ ಇನ್ನೂ ಅವನು ಬಿದ್ದ ಆ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿಲ್ಲ.

ಇಷ್ಟು ಬರೆಯುವಾಗ ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಮನೆಯ ಚಾಮುಂಡಮ್ಮ ಹೊಸಿಲಾಚೆ ನಿಂತೇ ಹೇಳಿದರು:

"ಸೊಂಟದಿಂದ ಕೆಳೀಕೆ ಸ್ವಾಧೀನ ಇಲ್ವಂತೆ ಕಣವ್ವ, ಪಾಪ. ಬ್ಯಾರೆಯೋರು ಬಂದು ಲೈನ್ ಸರಿ ಮಾಡ್ಬುಟ್ಟು ಹೋದ್ರು. ನಿಮ್ಮನೇಲಿ ಕರೆಂಟ್ ಬಂತಾ?"