ಗೊರಕೆ ಸಿಂಹಕ್ಕೆ ಮುದ್ರಣ ವಿಧಾನ

ಮಾರ್ಚ್ 3, ಸೋಮವಾರ. ಬೆಳಿಗ್ಗೆ

ಆರ್ಡರ್ ನೋಡಿದ್ದು, ಹಲ್ಲುಜ್ಜಿದ್ದು — ಇದೇ ಅನುಕ್ರಮದಲ್ಲಿ. ಗೊರಕೆ ಸಿಂಹ ಮತ್ತೆ ಯಾರಿಗೋ ಬೇಕಂತೆ. 'ಮಧ್ಯಾಹ್ನ ನಿದ್ರಾ ಸಂರಕ್ಷಣಾ ಸಮಿತಿ, ಆಜೀವ ಸದಸ್ಯರು' ಎಂಬ ಘನ ಮುದ್ರೆ. ನಡುವೆ ಬಾಯಿ ತೆರೆದು ಮಲಗಿದ ಸಿಂಹ. ನನ್ನ ಡಿಸೈನ್‌ಗಳಲ್ಲಿ ಓಡುವುದು ಇದೊಂದೇ. ಚಿತ್ರ ನನ್ನದು, ಟಿ-ಶರ್ಟ್ ಮೇಲೆ ಮುದ್ರಣ ಅಪ್ಪನದು. ಮನೆಯ ಮುಂದಿನ ಕೋಣೆಯೇ ಅಪ್ಪನ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಆನ್‌ಲೈನ್ ಮಾರಾಟ ನನ್ನ ಖಾತೆ.

ಒಬ್ಬ ವಾಪಸ್ ಕಳಿಸಿದ್ದಾನೆ. ಫೋಟೋ ಸಮೇತ. ಕಪ್ಪು ಗೆರೆ ಒಂದು ಕಡೆ, ಹಳದಿ ಬಣ್ಣ ಇನ್ನೊಂದು ಕಡೆ. ಸಿಂಹ ತನ್ನ ಚರ್ಮ ಬಿಟ್ಟು ಪಕ್ಕಕ್ಕೆ ಸರಿದು ಮಲಗಿದಂತಿದೆ. ಕೆಳಗೆ ಬರೆದಿದ್ದಾನೆ: "ನಿದ್ದೆಗಣ್ಣಲ್ಲಿ ಪ್ರಿಂಟ್ ಮಾಡಿದ್ರಾ?" ಒಳ್ಳೆ ಜೋಕು. ನಾನೇ ಮಾಡಬೇಕಿತ್ತು.

ಮಾರ್ಚ್ 4, ಮಂಗಳವಾರ

ಒಂದೊಂದು ಬಣ್ಣಕ್ಕೂ ಒಂದೊಂದು ಜಾಲರಿಯ ಸ್ಕ್ರೀನ್. ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು. ಅಪ್ಪನ ಬಲಗೈ ಈಗ ಕೂರಲು ಬಿಡುವುದಿಲ್ಲ. ನಡುಕ. ಡಾಕ್ಟರ್ ಅದಕ್ಕೊಂದು ಉದ್ದ ಹೆಸರು ಹೇಳಿದ್ದಾರೆ. ಮನೆಯಲ್ಲಿ ಯಾರೂ ಬಳಸುವುದಿಲ್ಲ. ಅಮ್ಮ "ಇವತ್ತು ಕೈ ಹೇಗಿದೆ?" ಅಂತಾಳೆ. ಅಪ್ಪ "ಇದೆ" ಅಂತಾನೆ.

ಮಾರಾಟದ ಸೈಟಿನಿಂದ ಎಚ್ಚರಿಕೆ. ಇನ್ನೂ ದೂರು ಬಂದರೆ ನಮ್ಮ ಆನ್‌ಲೈನ್ ಅಂಗಡಿ ಮುಚ್ಚುತ್ತಾರಂತೆ. ಪರಿಹಾರವೂ ಅವರದೇ: 'ಮುದ್ರಣ ವಿಧಾನ ಬದಲಿಸಿ.' ಅಪ್ಪನಿಗೆ ತೋರಿಸಲಿಲ್ಲ.

ಮಾರ್ಚ್ 8, ಶನಿವಾರ

ಬೇರೆ ಎರಡು ವಿಧಾನದ ಸ್ಯಾಂಪಲ್ ತರಿಸಿದ್ದೆ, ಬಂದವು. ಟಿಂಗುವಿನ ರೂಮಿನಲ್ಲಿ ಬಿಚ್ಚಿದೆವು. ಟಿಂಗು ನನ್ನ ಗೆಳತಿ, ಸಕಲ ಕುಕೃತ್ಯಗಳ ಕಾರ್ಯದರ್ಶಿ.

ಮೊದಲನೆಯದು, ಬಿಸಿ ಒತ್ತಿ ಅಂಟಿಸಿದ್ದು. ಎದೆಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡಂತೆ. ಒಗೆದ ಕೂಡಲೇ ಬಾಲ ಎದ್ದು ನಿಂತಿತು. ಇನ್ನೊಂದು, ಸೈಟಿನ ಕಂಪನಿಯ ಮಷಿನ್ ನೇರವಾಗಿ ಬಟ್ಟೆಗೇ ಇಂಕು ಸಿಂಪಡಿಸಿದ್ದು. ಅಲ್ಲಿಂದಲೇ ಗಿರಾಕಿಗೆ ಪಾರ್ಸಲ್ ಹೋಗುತ್ತದೆ, ನಾವು ಮುಟ್ಟುವುದೇ ಬೇಡ. ಮೀಸೆಯ ಕೂದಲು ಕೂದಲೂ ತನ್ನ ಜಾಗದಲ್ಲಿ.

ಸೈಟಿನಲ್ಲಿ 'ಸ್ವಂತ ಮುದ್ರಣ' ತೆಗೆದು 'ಕಂಪನಿ ಮುದ್ರಣ' ಒತ್ತಿದೆ. ಖಚಿತವೇ ಅಂತ ಕೇಳಿತು. ಖಚಿತ ಅಂದೆ. ಏನಾದರೂ ಅನ್ನಿಸೀತು ಅಂತ ಸ್ವಲ್ಪ ಹೊತ್ತು ಕಾದೆ. ಹಲ್ಲಿನ ಡಾಕ್ಟರ್ ಸೂಜಿ ಚುಚ್ಚಿದ ಮೇಲೆ ತುಟಿ ಇರುತ್ತದಲ್ಲ... ಹಾಗೆ. ಇದೆ, ಆದರೆ ನನ್ನದಲ್ಲ.

ಮನೆಗೆ ಬಂದರೆ ಅಪ್ಪ: "ಇವತ್ತು ಆರ್ಡರ್ ಏನೂ ಬಂದಿಲ್ವೇನಮ್ಮಾ?"

"ಬಂದಿದೆಯಪ್ಪಾ."

"ಯಾರಿಗೆ?"

"ಯಾರೋ ಪಿಟೀಲು ಟೀಚರಂತೆ."

ಟೀಚರ್ ಎಲ್ಲಿಂದ ಬಂದಳೋ ನನಗೂ ಗೊತ್ತಿಲ್ಲ. ಅಪ್ಪ ಏಪ್ರನ್ ಕಟ್ಟಿಕೊಂಡ.

ಮಾರ್ಚ್ 21, ಶುಕ್ರವಾರ

ಗಿರಾಕಿಗಳ ಸೃಷ್ಟಿಕಾರ್ಯ ಸಾಂಗವಾಗಿ ಸಾಗಿದೆ. ಪಿಟೀಲು ಟೀಚರ್, ಹಡಗಿನ ಕ್ಯಾಪ್ಟನ್, ಬೋಳುತಲೆಯ ಜಡ್ಜ್. ನಿಜವಾದ ಆರ್ಡರ್ ಕಂಪನಿಗೆ, ಇವರದ್ದು ಅಪ್ಪನಿಗೆ. ಪಾರ್ಸಲ್ ಕೊರಿಯರ್‌ಗೆ ಒಯ್ಯುವವಳು ನಾನು — ಅಂದರೆ ಟಿಂಗುವಿನ ಮಂಚದ ಕೆಳಕ್ಕೆ.

"ಲೇ, ನಿಮ್ಮಪ್ಪಂಗೆ ಹೇಳಿಬಿಡೇ," ಅಂದಳು.

"ಏನಂತ?"

"ಇನ್ನು ಸಾಕು, ಕೈ ಬಿಡಿ ಅಂತ."

"ನೀನೇ ಹೇಳು."

"ನಂಗೇನು ತಲೆ ಕೆಟ್ಟಿದ್ಯಾ?" ಅಂತ ತನ್ನ ಚಪ್ಪಲಿ ಆಚೆ ತಳ್ಳಿ ಸಿಂಹಕ್ಕೆ ಜಾಗ ಮಾಡಿದಳು.

ಮಾರ್ಚ್ 27, ಗುರುವಾರ

ಕ್ಯಾಪ್ಟನ್ ಎರಡನೇ ಸಲ ಆರ್ಡರ್ ಮಾಡಿದ್ದಾರೆ. ಹೊಸ ಗಿರಾಕಿ ಹೊಳೆಯಲಿಲ್ಲ, ಹಳಬರನ್ನೇ ಕರೆದೆ. ಅಪ್ಪ ಮೂರು ಬಟ್ಟೆ ಹಾಳುಮಾಡಿ ನಾಲ್ಕನೆಯದನ್ನು ಎತ್ತಿ ನೋಡಿದ.

"ಕಿವಿ ಸ್ವಲ್ಪ ಆಚೆ ಹೋಗಿದೆ. ಅವರಿಗೊಂದು ಫೋನ್ ಹಾಕಿಕೊಡು, ನಾನೇ ಸಾರಿ ಕೇಳ್ತೀನಿ."

"ನಡುಸಮುದ್ರದಲ್ಲಿ ನೆಟ್‌ವರ್ಕ್ ಸಿಗಲ್ಲಪ್ಪಾ."

"ಹೌದಲ್ವಾ," ಅಂದ ಅಪ್ಪ. "ಪಾಪ, ಪಾರ್ಸಲ್ ಮಾತ್ರ ಸಿಗುತ್ತೆ."

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖ ನೋಡಿದಳು. ಒಳಗೆ ಹೋದಳು.

ಏಪ್ರಿಲ್ 9, ಬುಧವಾರ

ಜಡ್ಜ್‌ಗೆ ಇನ್ನೊಂದು. ಸೈಟಿನಲ್ಲಿ ಗೊರಕೆ ಸಿಂಹಕ್ಕೆ ಐದು ನಕ್ಷತ್ರ. 'ಮುದ್ರಣ ಅಮೋಘ' ಅಂತೆ. ಓದಿದೆ. ಊಟ ಮಾಡಿದೆ. ಏನು ಊಟ ಅಂತ ನೆನಪಿಲ್ಲ.

ಏಪ್ರಿಲ್ 24, ಗುರುವಾರ. ಸಂಜೆ

ಎದುರುಗಡೆಯ ಕಟಿಂಗ್ ಶಾಪಿನವರು ಬಂದರು. ಎದೆಯ ಮೇಲೆ ಗೊರಕೆ ಸಿಂಹ. ಹೇಳದೆ ಕೇಳದೆ ಆನ್‌ಲೈನ್‌ನಲ್ಲಿ ತರಿಸಿದ್ದಾರೆ!

"ಸಪ್ರೈಸ್ ಕೊಡೋಣ ಅಂತ, ಸಾರ್! ಇಲ್ಲಿ ಕೇಳಿದ್ರೆ ನೀವು ಸುಮ್ನೆ ಕೊಟ್ಟುಬಿಡ್ತೀರ. ನೋಡಿ, ಏನು ಕೆಲಸ ಸಾರ್ ನಿಮ್ದು! ಕೈ ಸರಿಯಿಲ್ಲ ಅಂತ ಯಾರೋ ಬಾಯಿಗೆ ಬಂದಂಗೆ ಹೇಳ್ತಿದ್ರು. ಅವರಿಗೆ ಇದನ್ನ ತೋರಿಸ್ಬೇಕು."

ಅಪ್ಪ ಕನ್ನಡಕ ಹಾಕಿಕೊಂಡ. ಹತ್ತಿರ ಹೋದ. ಹೆಬ್ಬೆರಳಿನಿಂದ ಸಿಂಹದ ಮೂಗು ಸವರಿದ. ಅಪ್ಪನ ಇಂಕು ಬಟ್ಟೆಯ ಮೇಲೆ ನಿಂತು ಬೆರಳಿಗೆ ತಗಲುತ್ತದೆ. ಇದು ತಗಲುವುದಿಲ್ಲ, ಒಳಗೆ ಇಳಿದಿರುತ್ತದೆ. ಮುಟ್ಟಿದರೆ ಸಾಕು, ಅಪ್ಪನಿಗೆ.

ನಾನು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದೆ.

"ಚೆನ್ನಾಗಿ ಬಂದಿದೆ," ಅಂದ ಅಪ್ಪ. "ಉಲ್ಟಾ ಮಾಡಿ ಒಗೀರಿ. ಬಣ್ಣ ಉಳಿಯುತ್ತೆ."

ಆಮೇಲೆ ಸ್ಕ್ರೀನುಗಳನ್ನು ತೊಳೆದ. ಆಗಲೇ ತೊಳೆದಿದ್ದನ್ನೂ ತೊಳೆದ.

ಏಪ್ರಿಲ್ 25, ಶುಕ್ರವಾರ. ಬೆಳಿಗ್ಗೆ

ಇವತ್ತು ಅಂಗಡಿ ಬಾಗಿಲು ತೆರೆಯುವುದಿಲ್ಲ ಅಂದುಕೊಂಡಿದ್ದೆ. ತೆರೆದಿದೆ. ಅಪ್ಪ ಏಪ್ರನ್‌ನಲ್ಲಿ.

"ಇವತ್ತು ಯಾರಿಗೆ?"

ಹೇಳಬೇಕಾದ್ದು ಬೇರೆ ಇತ್ತು. ಬಾಯಿ "ಟೀಚರ್‌ಗೆ" ಅಂತು.

"ಸೈಜು?"

"ಮೀಡಿಯಂ."

"ಟೀಚರ್ರೂ ಮೀಡಿಯಂ, ಜಡ್ಜೂ ಮೀಡಿಯಂ, ಕ್ಯಾಪ್ಟನ್ನೂ ಮೀಡಿಯಂ. ನಿನ್ನ ಲೋಕದಲ್ಲಿ ದಪ್ಪ ಜನ ಹುಟ್ಟೋದೇ ಇಲ್ವೇನಮ್ಮಾ?"

ನನ್ನ ಅಳತೆ ಅದು. ಬೇರೆ ಅಳತೆ ತಲೆಗೇ ಬಂದಿರಲಿಲ್ಲ.

"ಯಾವಾಗಿಂದ ಗೊತ್ತಪ್ಪಾ?"

"ಕ್ಯಾಪ್ಟನ್ ಎರಡನೇ ಸಲ ಕೇಳಿದ್ರಲ್ಲ, ಆವತ್ತು. ಮೊದಲನೇದನ್ನ ಹಾಕ್ಕೊಂಡೋನು ಯಾವನಾದ್ರೂ ಮತ್ತೆ ಕೇಳ್ತಾನಾ?"

ಅಪ್ಪ ನಗಲಿಲ್ಲ. ನಾನೂ ನಗಲಿಲ್ಲ.

"ಕಂಪನಿದು ಮಾತ್ರ ನಿನ್ನೆ ಗೊತ್ತಾಯ್ತು," ಅಂದ. "ಒಳ್ಳೆ ಮಷಿನ್ನು. ಅದನ್ನ ಬದಲಾಯಿಸಬೇಡ." ಆಮೇಲೆ ಕಪಾಟಿನ ತಳದಿಂದ ಎಲ್ಲಕ್ಕಿಂತ ದೊಡ್ಡ ಟಿ-ಶರ್ಟ್ ಎಳೆದು ಹಲಗೆಗೆ ತೊಡಿಸಿದ. ಕೈ ನಡುಗುತ್ತಿತ್ತು. "ಇದು ಯಾರಿಗೆ, ಹೇಳು."

ಒಂದು ನಿಮಿಷ ಅಂತ ಒಳಗೆ ಬಂದು ಬರೆಯುತ್ತಿದ್ದೇನೆ. ಹೊಳೆಯುತ್ತಿಲ್ಲ. ಸರ್ಕಸ್ ಮಾಲೀಕ? ಮಾಜಿ ಕುಸ್ತಿಪಟು? ಅಪ್ಪ ಕೂಗುತ್ತಿದ್ದಾನೆ. ಸ್ಕ್ರೀನಿನಲ್ಲಿ ಇಂಕು ಒಣಗುತ್ತಿದೆಯಂತೆ, ಬೇಗ ಹೇಳಬೇಕಂತೆ, ಯಾರೋ ಒಬ್ಬ ದಪ್ಪ